ಅಮೆರಿಕದಲ್ಲಿ ಟೈಮ್ ಬದಲಾದಾಗ: ಊರಿನ ಗಂಟೆಗೆ ಲೆಕ್ಕ ಹೊಂದಿಸುವುದು ಹೇಗೆ

ಅಮೆರಿಕದ ಪೂರ್ವ ಕರಾವಳಿಗೆ ಹೊಸದಾಗಿ ಬಂದವರಿಗೆ ಯಾರಾದರೂ ಮೊದಲು ಹೇಳಿಕೊಡುವ ಲೆಕ್ಕ ‘ಇಂಡಿಯಾ ಹತ್ತೂವರೆ ಗಂಟೆ ಮುಂದೆ’ ಎಂದು. ಈ ಲೆಕ್ಕ ವರ್ಷದಲ್ಲಿ ನಾಲ್ಕು ತಿಂಗಳ ಚಿಲ್ಲರೆ ಮಾತ್ರ ಸರಿ. ಉಳಿದ ಏಳೂವರೆ ತಿಂಗಳಿಗೂ ಹೆಚ್ಚು ಕಾಲ ವ್ಯತ್ಯಾಸ ಒಂಬತ್ತೂವರೆ ಗಂಟೆ. ಭಾರತದ ಗಡಿಯಾರ ವರ್ಷವಿಡೀ ಅಲುಗುವುದಿಲ್ಲ, ಅದು ಯಾವಾಗಲೂ ಯುಟಿಸಿಗಿಂತ (ಜಗತ್ತಿನ ಎಲ್ಲ ವಲಯಗಳ ಲೆಕ್ಕಕ್ಕೂ ಆಧಾರವಾದ ಸಮಯ) 5 ಗಂಟೆ 30 ನಿಮಿಷ ಮುಂದೆ. ಅಲುಗುವುದು ಇಲ್ಲಿಯದು.

ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುವ ಈ ಪದ್ಧತಿಗೆ ‘ಡೇಲೈಟ್ ಸೇವಿಂಗ್’ ಎಂದು ಹೆಸರು. 2007ರಿಂದ ಜಾರಿಯಲ್ಲಿರುವ ನಿಯಮ ಹೀಗಿದೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರ ನೇರ 3ಕ್ಕೆ ಹಾರುತ್ತದೆ. ನವೆಂಬರ್‌ನ ಮೊದಲ ಭಾನುವಾರ ಬೆಳಗಿನ ಜಾವ 2 ಆಗುತ್ತಲೇ ಮತ್ತೆ 1ಕ್ಕೆ ಬರುತ್ತದೆ. 2026ರಲ್ಲಿ ಈ ದಿನಗಳು ಮಾರ್ಚ್ 8 ಮತ್ತು ನವೆಂಬರ್ 1. 2027ರಲ್ಲಿ ಮಾರ್ಚ್ 14 ಮತ್ತು ನವೆಂಬರ್ 7. ಇದು ಇಡೀ ದೇಶಕ್ಕೆ ಒಂದೇ ಕ್ಷಣದಲ್ಲಿ ಆಗುವುದಿಲ್ಲ, ಆಯಾ ವಲಯದ ಸ್ಥಳೀಯ 2 ಗಂಟೆಗೆ ಆಗುತ್ತದೆ.

ಊರಿನ ಟೈಮ್ ತಿಳಿಯಲು ಬೇಸಿಗೆ ಲೆಕ್ಕದಲ್ಲಿ, ಅಂದರೆ ಮಾರ್ಚ್‌ನಿಂದ ನವೆಂಬರ್‌ವರೆಗೆ, ನ್ಯೂಯಾರ್ಕ್, ನ್ಯೂಜೆರ್ಸಿ, ಅಟ್ಲಾಂಟಾದ ಗಂಟೆಗೆ 9:30 ಕೂಡಿಸಿ. ಷಿಕಾಗೊ, ಡಲ್ಲಾಸ್, ಹ್ಯೂಸ್ಟನ್‌ನಲ್ಲಿದ್ದರೆ 10:30, ಡೆನ್ವರ್‌ನಲ್ಲಿ 11:30, ಸ್ಯಾನ್ ಹೋಸೆ ಮತ್ತು ಸಿಯಾಟಲ್‌ನಲ್ಲಿ 12:30. ಚಳಿಗಾಲದಲ್ಲಿ ಎಲ್ಲಕ್ಕೂ ಇನ್ನೊಂದು ಗಂಟೆ ಸೇರಿಸಬೇಕು. ಅರಿಜೋನಾ ಗಡಿಯಾರ ಬದಲಿಸುವುದಿಲ್ಲ. ಆದ್ದರಿಂದ ಫೀನಿಕ್ಸ್‌ನಲ್ಲಿರುವವರಿಗೆ ವರ್ಷಪೂರ್ತಿ 12:30, ಬೇಸಿಗೆಯಲ್ಲಿ ಅವರದೂ ಕ್ಯಾಲಿಫೋರ್ನಿಯಾದ್ದೂ ಒಂದೇ ಟೈಮ್. ಆ ರಾಜ್ಯದೊಳಗಿನ ನವಾಹೋ ಬುಡಕಟ್ಟಿನ ಪ್ರದೇಶ ಮಾತ್ರ ಬದಲಿಸುತ್ತದೆ. ನವಾಹೋ ಪ್ರದೇಶದಲ್ಲಿರುವ ಮಾನ್ಯುಮೆಂಟ್ ವ್ಯಾಲಿಗೆ ಹೋಗುವವರು ಟೂರ್ ಬುಕ್ ಮಾಡುವಾಗ ಇದನ್ನು ಕೇಳಿಕೊಳ್ಳಲೇಬೇಕು. ಹವಾಯಿಯೂ ಬದಲಿಸುವುದಿಲ್ಲ, ಅಲ್ಲಿ ಸದಾ 15:30.

ಬಾಯಿಲೆಕ್ಕಕ್ಕೆ ಒಂದು ಉಪಾಯವಿದೆ. ಹಗಲನ್ನು ರಾತ್ರಿ ಮಾಡಿ, ಆಮೇಲೆ ಚಿಲ್ಲರೆ ಸರಿಪಡಿಸಿ. ನ್ಯೂಜೆರ್ಸಿಯ ಬೇಸಿಗೆ ಬೆಳಿಗ್ಗೆ 9ನ್ನು ರಾತ್ರಿ 9 ಎಂದುಕೊಂಡು ಎರಡೂವರೆ ಗಂಟೆ ಕಳೆಯಿರಿ, ಊರಿನಲ್ಲಿ ಸಂಜೆ ಆರೂವರೆ. ಚಳಿಗಾಲದಲ್ಲಿ ಒಂದೂವರೆ ಕಳೆದರೆ ಏಳೂವರೆ. ಕ್ಯಾಲಿಫೋರ್ನಿಯಾದವರು ಕಳೆಯುವ ಬದಲು ಕೂಡಬೇಕು: ಬೇಸಿಗೆಯಲ್ಲಿ ಅರ್ಧ ಗಂಟೆ, ಚಳಿಗಾಲದಲ್ಲಿ ಒಂದೂವರೆ.

ಲೆಕ್ಕ ಬಂದರೂ ಎಡವಟ್ಟು ನಿಲ್ಲುವುದಿಲ್ಲ, ಏಕೆಂದರೆ ನಿಜವಾದ ತೊಡಕು ಕೂಡುವುದು-ಕಳೆಯುವುದರಲ್ಲಿ ಇಲ್ಲ. ಒಂದು ಕೆಲಸ ಯಾರ ಗಡಿಯಾರಕ್ಕೆ ಕಟ್ಟಿಕೊಂಡಿದೆ ಎಂಬುದನ್ನು ಮೊದಲೇ ತೀರ್ಮಾನಿಸದೆ ಇರುವುದರಲ್ಲಿ ಇದೆ. ಪ್ರತಿವಾರದ ಮೀಟಿಂಗ್ ನೋಡಿ. ಬೆಂಗಳೂರಿನ ಸಹೋದ್ಯೋಗಿ ಸಂಜೆ 6:30ಕ್ಕೆ ಇನ್ವೈಟ್ ಕಳಿಸಿದರೆ ಕ್ಯಾಲೆಂಡರ್ ಅದನ್ನು ಭಾರತದ ಸಮಯಕ್ಕೆ ಕಟ್ಟಿಡುತ್ತದೆ. ನ್ಯೂಜೆರ್ಸಿಯಲ್ಲಿ ಅದು ಅಕ್ಟೋಬರ್‌ವರೆಗೆ ಬೆಳಿಗ್ಗೆ 9ಕ್ಕೆ ಕಾಣುತ್ತದೆ, ನವೆಂಬರ್‌ನಲ್ಲಿ ತಾನಾಗಿ 8ಕ್ಕೆ ಸರಿಯುತ್ತದೆ, ಸರಿಯಾಗಿ ಮಗುವನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವ ಹೊತ್ತಿಗೆ. ಕ್ಯಾಲಿಫೋರ್ನಿಯಾದವರಿಗಂತೂ ಬೆಳಗಿನ 6 ಹೋಗಿ 5 ಆಗುತ್ತದೆ. ಅದೇ ಇನ್ವೈಟನ್ನು ಇಲ್ಲಿಯವರು ಕಳಿಸಿದ್ದರೆ ಸರಿಯುವುದು ಬೆಂಗಳೂರಿನವರ ಸಂಜೆ: ಪಶ್ಚಿಮ ಕರಾವಳಿಯ ಬೆಳಿಗ್ಗೆ 9ರ ಮೀಟಿಂಗ್ ಅವರಿಗೆ ರಾತ್ರಿ 9:30ರಿಂದ 10:30ಕ್ಕೆ ಹೋಗುತ್ತದೆ. ಯಾರ ನಿದ್ದೆ ಕೆಡುತ್ತದೆಯೋ ಅವರ ಊರಿನ ವಲಯದಲ್ಲಿ ಇನ್ವೈಟ್ ಮಾಡುವುದು ನ್ಯಾಯ. ಗೂಗಲ್ ಕ್ಯಾಲೆಂಡರ್, ಔಟ್‌ಲುಕ್ ಎರಡರಲ್ಲೂ ಮೀಟಿಂಗ್ ಮಾಡುವಾಗಲೇ ಟೈಮ್ ಝೋನ್ ಆರಿಸಬಹುದು.

ಲಂಡನ್‌ನವರೂ ಸೇರಿದರೆ ಇನ್ನಷ್ಟು ಎಚ್ಚರ ಬೇಕು. ಯುರೋಪ್ ಗಡಿಯಾರ ಬದಲಿಸುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. 2026ರಲ್ಲಿ ಮಾರ್ಚ್ 8ರಿಂದ 29ರವರೆಗೆ, ಆಮೇಲೆ ಅಕ್ಟೋಬರ್ 25ರಿಂದ ನವೆಂಬರ್ 1ರವರೆಗೆ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಐದರ ಬದಲು ನಾಲ್ಕೇ ಗಂಟೆ ಅಂತರ.

ಬರೆಯುವಾಗಲೂ ಒಂದು ಶಿಸ್ತು ಇಟ್ಟುಕೊಳ್ಳಿ. ಜುಲೈ ತಿಂಗಳಲ್ಲಿ ‘9 ಗಂಟೆ ಇಎಸ್‌ಟಿ’ ಎಂದು ಬರೆದರೆ ಅದು ತಪ್ಪು. ಇಎಸ್‌ಟಿ (ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್) ಪೂರ್ವ ಕರಾವಳಿಯ ಚಳಿಗಾಲದ ಸಮಯದ ಹೆಸರು, ಬೇಸಿಗೆಯದು ಇಡಿಟಿ (ಈಸ್ಟರ್ನ್ ಡೇಲೈಟ್ ಟೈಮ್). ಭಾರತದಲ್ಲಿ ಕೂತು ಅದನ್ನು ಅಕ್ಷರಶಃ ಲೆಕ್ಕ ಹಾಕಿದವರು ಒಂದು ಗಂಟೆ ತಡವಾಗಿ ಬರುತ್ತಾರೆ. ‘ನ್ಯೂಯಾರ್ಕ್ ಬೆಳಿಗ್ಗೆ 9, ಬೆಂಗಳೂರು ಸಂಜೆ 6:30’ ಎಂದು ಊರ ಹೆಸರಿನ ಜೊತೆ ಬರೆಯುವುದೇ ವಾಸಿ.

ತಾರೀಖು ಬೇರೆ ಕಾಡುತ್ತದೆ. ಊರಿನ ಬ್ಯಾಂಕ್ ಶಾಖೆ ಸೋಮವಾರ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ ಎಂದರೆ ನ್ಯೂಜೆರ್ಸಿಯವರು ಚಳಿಗಾಲದಲ್ಲಿ ಭಾನುವಾರ ರಾತ್ರಿ 11:30ಕ್ಕೆ ಫೋನ್ ಮಾಡಬೇಕು, ಬೇಸಿಗೆಯಲ್ಲಿ ಭಾನುವಾರದ ನಡುರಾತ್ರಿ ಕಳೆದು 12:30ಕ್ಕೆ. ಸೋಮವಾರ ರಾತ್ರಿ ಮಾಡಿದರೆ ಅಲ್ಲಿ ಮಂಗಳವಾರ. ಭಾರತದ ಆದಾಯ ತೆರಿಗೆ ವಿವರ ಸಲ್ಲಿಸಲು ಜುಲೈ 31 ಕೊನೆಯ ದಿನವಾಗಿದ್ದರೆ, ಅದು ನ್ಯೂಯಾರ್ಕ್‌ನಲ್ಲಿ ಅಂದು ಮಧ್ಯಾಹ್ನ 2:30ಕ್ಕೇ ಮುಗಿಯುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 11:30ಕ್ಕೆ. ರಾತ್ರಿ ಊಟ ಮುಗಿಸಿ ಕೂತರಾಯಿತು ಎಂದುಕೊಂಡವರು ದಂಡ ಕಟ್ಟುತ್ತಾರೆ.

ಇನ್ನು ಪಂಚಾಂಗ. ತಿಥಿ ಆರಂಭವಾಗುವ ಕ್ಷಣ ಭೂಮಿಯ ಮೇಲೆ ಎಲ್ಲ ಕಡೆಗೂ ಒಂದೇ, ಆ ಕ್ಷಣಕ್ಕೆ ಗಡಿಯಾರ ತೋರಿಸುವ ಗಂಟೆ ಮಾತ್ರ ಬೇರೆ. ಬೆಂಗಳೂರಿನ ಪಂಚಾಂಗದಲ್ಲಿ ಒಂದು ತಿಥಿ ಬುಧವಾರ ಬೆಳಿಗ್ಗೆ 10ಕ್ಕೆ ಶುರುವಾಗಿ ಗುರುವಾರ ಬೆಳಿಗ್ಗೆ 8ಕ್ಕೆ ಮುಗಿಯುತ್ತದೆ ಎನ್ನೋಣ. ಗುರುವಾರದ ಸೂರ್ಯೋದಯಕ್ಕೆ ಅದು ಇರುವುದರಿಂದ ಊರಲ್ಲಿ ಗುರುವಾರ ಆಚರಣೆ. ಬೇಸಿಗೆಯ ನ್ಯೂಜೆರ್ಸಿಯಲ್ಲಿ ಅದೇ ತಿಥಿ ಬುಧವಾರ 12:30ರ ನಡುರಾತ್ರಿಯಿಂದ ಅದೇ ದಿನ ರಾತ್ರಿ 10:30ರವರೆಗೆ ಇರುತ್ತದೆ. ಸೂರ್ಯೋದಯದ ತಿಥಿ ಹಿಡಿಯುವ ಹಬ್ಬವಾದರೆ ಇಲ್ಲಿ ಬುಧವಾರವೇ ಮಾಡಬೇಕು. ಹಬ್ಬದ ದಿನದಂದು ಯಾವ ವ್ಯತ್ಯಾಸ ಜಾರಿಯಲ್ಲಿರುತ್ತದೋ ಅದನ್ನೇ ಕಳೆಯಿರಿ: 2025ರ ದೀಪಾವಳಿ ಅಕ್ಟೋಬರ್‌ನಲ್ಲಿ, ಗಡಿಯಾರ ಹಿಂದೆ ಹೋಗುವ ಮೊದಲೇ ಬಂತು, 2026ರದ್ದು ನವೆಂಬರ್ 8ಕ್ಕೆ, ಹಿಂದೆ ಹೋದ ಮೇಲೆ.

ರಾಹುಕಾಲವನ್ನಂತೂ ಊರಿನ ಕ್ಯಾಲೆಂಡರ್ ನೋಡಿ ಹೇಳಲೇಬಾರದು. ಅದು ಆಯಾ ಊರಿನ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲಿನ ಎಂಟನೇ ಒಂದು ಭಾಗ. ಭಾನುವಾರ ನಾಲ್ಕೂವರೆಯಿಂದ ಆರು ಎಂಬುದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ಜೂನ್ ಕೊನೆಗೆ ನ್ಯೂಜೆರ್ಸಿಯಲ್ಲಿ ಸೂರ್ಯ ಸುಮಾರು 5:30ಕ್ಕೆ ಹುಟ್ಟಿ ರಾತ್ರಿ 8:30ಕ್ಕೆ ಮುಳುಗುತ್ತಾನೆ. ಹದಿನೈದು ಗಂಟೆಯನ್ನು ಎಂಟು ಪಾಲು ಮಾಡಿದರೆ ಪಾಲಿಗೆ 1 ಗಂಟೆ 52 ನಿಮಿಷ. ಭಾನುವಾರದ ರಾಹುಕಾಲ ಎಂಟನೆಯ ಪಾಲು, ಅಂದರೆ ಸಂಜೆ 6:38ರಿಂದ 8:30.

ಇಲ್ಲಿ ಹುಟ್ಟಿದ ಮಗುವಿನ ಜಾತಕ ಬರೆಸುವವರು ಇದಕ್ಕಿಂತ ಹೆಚ್ಚು ಗಮನ ಕೊಡಬೇಕು. ಜನನ ಪ್ರಮಾಣಪತ್ರದಲ್ಲಿರುವುದು ಅಂದಿನ ಗಡಿಯಾರದ ಸಮಯ. ಜುಲೈಯಲ್ಲಿ ಸ್ಯಾನ್ ಹೋಸೆಯಲ್ಲಿ ಬೆಳಿಗ್ಗೆ 7:20ಕ್ಕೆ ಹುಟ್ಟಿದ ಮಗುವಿಗೆ ಸ್ಟ್ಯಾಂಡರ್ಡ್ ಸಮಯ 6:20. ಊರಿನ ಜೋಯಿಸರಿಗೆ ‘7:20, ಡೇಲೈಟ್ ಸೇವಿಂಗ್ ಇದೆ, ಯುಟಿಸಿಗಿಂತ 7 ಗಂಟೆ ಹಿಂದೆ’ ಎಂದು ಪೂರ್ತಿ ಬರೆದು ಕಳಿಸಿ. ಅವರು 8 ಗಂಟೆ ಎಂದು ಹಾಕಿದರೆ ಒಂದು ಗಂಟೆ ತಪ್ಪುತ್ತದೆ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಜಾತಕವೇ ಬೇರೆಯಾಗಬಹುದು. ನವೆಂಬರ್‌ನ ಆ ಭಾನುವಾರ 1ರಿಂದ 2ರ ನಡುವೆ ಹುಟ್ಟಿದ್ದರೆ, ಮೊದಲ ಸುತ್ತಿನ 1:30ಯೋ ಎರಡನೆಯದೋ ಎಂದು ಆಸ್ಪತ್ರೆಯಲ್ಲಿರುವಾಗಲೇ ನರ್ಸ್ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಆ ಗಂಟೆ ಎರಡು ಸಲ ಬರುತ್ತದೆ.

ಮನೆಯಲ್ಲಿ ಫೋನ್, ಲ್ಯಾಪ್‌ಟಾಪ್ ತಾವಾಗಿ ಬದಲಾಗುತ್ತವೆ. ಒಲೆ, ಮೈಕ್ರೋವೇವ್, ಗೋಡೆ ಗಡಿಯಾರ, ಹಳೆಯ ಕಾರು, ಹುಲ್ಲಿಗೆ ನೀರು ಬಿಡುವ ಟೈಮರ್ ಬದಲಾಗುವುದಿಲ್ಲ. ಶನಿವಾರ ರಾತ್ರಿ ಮಲಗುವ ಮುನ್ನವೇ ತಿರುಗಿಸಿಡಿ. ಚಿಕ್ಕ ಮಕ್ಕಳನ್ನು ಮಾರ್ಚ್‌ನ ಆ ವಾರ ಬುಧವಾರದಿಂದ ದಿನಕ್ಕೆ ಹದಿನೈದು ನಿಮಿಷ ಬೇಗ ಮಲಗಿಸುತ್ತ ಬಂದರೆ ಸೋಮವಾರ ಎಬ್ಬಿಸುವಾಗ ರಂಪ ಕಡಿಮೆ. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರ 12 ಗಂಟೆಯ ಪಾಳಿ ಮಾರ್ಚ್‌ನಲ್ಲಿ 11, ನವೆಂಬರ್‌ನಲ್ಲಿ 13 ಆಗುತ್ತದೆ. ಗಂಟೆ ಲೆಕ್ಕದ ಸಂಬಳವಾದರೆ ನಿಜವಾಗಿ ದುಡಿದಷ್ಟು ಗಂಟೆಗೂ ಹಣ ಬರಬೇಕು, ಆ ವಾರದ ಟೈಮ್‌ಶೀಟ್ ಸಲ್ಲಿಸುವ ಮೊದಲು ಒಮ್ಮೆ ನೋಡಿಕೊಳ್ಳಿ. ಆರು ಗಂಟೆಗೊಮ್ಮೆ ಔಷಧ ತೆಗೆದುಕೊಳ್ಳುವವರಿಗೆ ನವೆಂಬರ್‌ನ ಆ ರಾತ್ರಿ 12ರಿಂದ 6ರವರೆಗೆ ಏಳು ಗಂಟೆ ಅಂತರ ಬೀಳುತ್ತದೆ. ಇನ್ಸುಲಿನ್ ಅಥವಾ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು, ಭಾರತದಿಂದ ಬಂದಿರುವ ಅಪ್ಪ-ಅಮ್ಮಂದಿರೂ ಸೇರಿ, ಹೇಗೆ ಹೊಂದಿಸಬೇಕೆಂದು ವೈದ್ಯರನ್ನೋ ಫಾರ್ಮಸಿಯವರನ್ನೋ ಮುಂಚಿನ ವಾರವೇ ಕೇಳಿಟ್ಟುಕೊಳ್ಳಬೇಕು.