ಕಾರವಾರ–ಶಿರಸಿಯ ಆಕಾಶವೀಕ್ಷಕರು ದಿನದಿನದ ಸೂರ್ಯನನ್ನು ಗಮನಿಸುವ ಕ್ರಮ

ಸೂರ್ಯನ ಚಟುವಟಿಕೆ ಭೂಮಿಯ ಸುತ್ತ ಉಂಟುಮಾಡುವ ಏರಿಳಿತಗಳ, ಅಂದರೆ ಬಾಹ್ಯಾಕಾಶ ಹವಾಮಾನದ ದೈನಂದಿನ ಪ್ರಕಟಣೆಗಳನ್ನು ತೆರೆದ ಹೊಸ ಆಕಾಶವೀಕ್ಷಕರು ಸಾಮಾನ್ಯವಾಗಿ ಮೊದಲು ಹುಡುಕುವುದು ಭೂಮಿಯ ಕಾಂತಕ್ಷೇತ್ರದ ಕಲಕನ್ನು ಅಳೆಯುವ ಕೆಪಿ ಸೂಚ್ಯಂಕವನ್ನು, ಏಕೆಂದರೆ ಅದು ಏರಿದ ರಾತ್ರಿ ಧ್ರುವಪ್ರಭೆ (ಧ್ರುವಗಳ ಕಡೆಯ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ಕಾಣುತ್ತದೆಂದು ಅವರು ಎಲ್ಲೋ ಓದಿರುತ್ತಾರೆ. ಆ ಮಾತು ನಾರ್ವೆಯವರಿಗೂ ಕೆನಡಾದವರಿಗೂ ಸರಿ. ಕಾರವಾರ ಇರುವುದು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಶಿರಸಿ ಅದಕ್ಕಿಂತ ಸ್ವಲ್ಪ ದಕ್ಷಿಣಕ್ಕೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ತಮಿಳುನಾಡಿನ ತಿರುನೆಲ್ವೇಲಿಯ ಆಸುಪಾಸಿನಲ್ಲೇ ಹಾದುಹೋಗುವುದರಿಂದ ಕಾಂತೀಯ ಅಕ್ಷಾಂಶದ ಲೆಕ್ಕದಲ್ಲಿ ನಮಗೂ ಆ ರೇಖೆಗೂ ಹತ್ತು ಡಿಗ್ರಿಯ ಅಂತರವೂ ಇಲ್ಲ. 2024ರ ಮೇ 10ರ ರಾತ್ರಿ, ಎರಡು ದಶಕಗಳಲ್ಲೇ ಅತಿ ತೀವ್ರವಾದ ಭೂಕಾಂತ ಬಿರುಗಾಳಿ ಎದ್ದಾಗ, ಲಡಾಖಿನ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾಗಳಿಗೆ ಕೆಂಪು ಬೆಳಕು ಸಿಕ್ಕಿದ್ದು ನಿಜ. ಆದರೆ ಹಾನ್ಲೆ ನಮಗಿಂತ ಹದಿನೆಂಟು ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ಉತ್ತರ ಕನ್ನಡದ ವೀಕ್ಷಕನಿಗೆ ಬಾಹ್ಯಾಕಾಶ ಹವಾಮಾನವು ರಾತ್ರಿಯ ವಿಷಯಕ್ಕಿಂತ ಹೆಚ್ಚಾಗಿ ಹಗಲಿನ ವಿಷಯ. ನಾವು ನೋಡಬೇಕಾದದ್ದು ಸೂರ್ಯನನ್ನೇ. ಅಂಕೆಗಳನ್ನು ಓದಬೇಕಾದದ್ದು ಆಮೇಲೆ.

ನೋಡುವ ವಿಧಾನದಲ್ಲಿ ಎಚ್ಚರಿಕೆಯೇ ಮೊದಲ ಪಾಠ. ಬರಿಗಣ್ಣಿಗೆ ಐಎಸ್‌ಒ 12312-2 ಗುರುತಿರುವ ಗ್ರಹಣದ ಕನ್ನಡಕ ಅಥವಾ 14ನೇ ಸಂಖ್ಯೆಯ ವೆಲ್ಡಿಂಗ್ ಗಾಜು ಸಾಕು. ಎಕ್ಸ್‌ರೇ ಫಿಲ್ಮು, ಹೊಗೆ ಹಿಡಿಸಿದ ಗಾಜು, ಸಗಣಿ ನೀರಿನಲ್ಲಿ ಕಾಣುವ ಪ್ರತಿಬಿಂಬ ಇವು ಯಾವುವೂ ಬೇಡ. ಕಣ್ಣಿಗೆ ಹಾಕಿಕೊಂಡ ಗ್ರಹಣದ ಕನ್ನಡಕದೊಂದಿಗೆ ಬೈನಾಕ್ಯುಲರ್ ಅಥವಾ ದೂರದರ್ಶಕದ ಮೂಲಕ ನೋಡುವುದು ಅತ್ಯಂತ ಅಪಾಯಕಾರಿ, ಏಕೆಂದರೆ ಒಟ್ಟುಗೂಡಿದ ಬಿಸಿಲು ಕನ್ನಡಕದ ಹಾಳೆಯನ್ನು ಕ್ಷಣದಲ್ಲಿ ಸುಟ್ಟು ಕಣ್ಣನ್ನು ತಲುಪುತ್ತದೆ. ದೂರದರ್ಶಕದ ಶೋಧಕ (ಬಿಸಿಲನ್ನು ತಗ್ಗಿಸುವ ಫಿಲ್ಟರ್) ಯಾವಾಗಲೂ ಅದರ ಮುಂದಿನ ಬಾಯಿಯಲ್ಲೇ ಇರಬೇಕು. ಕರಾವಳಿಯವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಂಜೆ ಕಡಲಂಚಿನಲ್ಲಿ ಕೆಂಪಗೆ, ತಣ್ಣಗೆ ಕಾಣುವ ಸೂರ್ಯನನ್ನು ಶೋಧಕವಿಲ್ಲದ ಬೈನಾಕ್ಯುಲರಿನಿಂದ ನೋಡಲು ಮನಸ್ಸಾಗುತ್ತದೆ. ಆ ಮಬ್ಬು ಎಷ್ಟು ಬೆಳಕನ್ನು ತಡೆಯುತ್ತಿದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ, ಕಾಣದ ಅವಕೆಂಪು ಕಿರಣಗಳು ಅದರೊಳಗಿಂದ ಬರುತ್ತಲೇ ಇರುತ್ತವೆ. ಮಕ್ಕಳು ಜೊತೆಗಿದ್ದರೆ ಬೈನಾಕ್ಯುಲರನ್ನು ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಗ್ರಹಣದ ಕನ್ನಡಕದಲ್ಲಿ ಭೂಮಿಯ ವ್ಯಾಸದ ಎರಡು ಮೂರು ಪಟ್ಟಿಗಿಂತ ದೊಡ್ಡದಾದ ಸೌರಕಲೆ (ಸೂರ್ಯನ ಮೇಲಿನ ಕಪ್ಪು ಮಚ್ಚೆ) ಮಾತ್ರ ಕಾಣುತ್ತದೆ. ಸೂರ್ಯಬಿಂಬದ ಅಡ್ಡಳತೆಯಲ್ಲಿ 109 ಭೂಮಿಗಳು ಹಿಡಿಯುವುದರಿಂದ, ಅಷ್ಟು ದೊಡ್ಡ ಕಲೆಯೂ ಸೂಜಿಮೊನೆಯ ಚುಕ್ಕೆಯಂತೆ ತೋರುತ್ತದೆ. ದಿನನಿತ್ಯದ ಕೆಲಸಕ್ಕೆ 50 ಅಥವಾ 60 ಮಿಲಿಮೀಟರ್ ಮಸೂರವಿರುವ ಸಣ್ಣ ದೂರದರ್ಶಕ ಮತ್ತು ಬಿಳಿ ಹಲಗೆ ಬೇಕು. ನೇತ್ರಕದಿಂದ (ಕಣ್ಣಿಡುವ ತುದಿಯ ಮಸೂರದಿಂದ) ಹೊರಬರುವ ಬಿಂಬವನ್ನು 15 ಸೆಂಟಿಮೀಟರ್ ವ್ಯಾಸದ ವೃತ್ತ ಬರೆದ ಕಾಗದದ ಮೇಲೆ ಸರಿಯಾಗಿ ಕೂರಿಸಿ, ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಬೇಕು. ದೂರದರ್ಶಕದ ಬೆನ್ನಿಗಿರುವ ಪುಟ್ಟ ಗುರಿದರ್ಶಕಕ್ಕೆ ಮುಚ್ಚಳ ಹಾಕಿರಬೇಕು. ಅಂಟಿನಿಂದ ಕೂಡಿಸಿದ ಹಲವು ಮಸೂರಗಳ ದುಬಾರಿ ನೇತ್ರಕ ಬಿಸಿಗೆ ಕೆಡುತ್ತದೆ, ಆದ್ದರಿಂದ ಅಗ್ಗದ ಸರಳ ನೇತ್ರಕವನ್ನೇ ಬಳಸಬೇಕು. ಹೆಂಚಿನ ಸಂದಿಯಿಂದ ಒಳಮನೆಯ ನೆಲಕ್ಕೆ ಬೀಳುವ, ಅಡಿಕೆ ತೋಟದ ನೆರಳಿನಲ್ಲಿ ಹರಡಿರುವ ದುಂಡನೆಯ ಬಿಸಿಲಿನ ಬಿಲ್ಲೆಗಳೂ ಸೂರ್ಯಬಿಂಬಗಳೇ; ರಂಧ್ರದಿಂದ ಒಂದು ಮೀಟರ್ ದೂರಕ್ಕೆ ಬಿಂಬ ಸುಮಾರು 9 ಮಿಲಿಮೀಟರ್ ಅಗಲವಾಗುತ್ತದೆ. ಅವು ಗ್ರಹಣವನ್ನು ಸೊಗಸಾಗಿ ತೋರಿಸುತ್ತವೆ, ಆದರೆ ಕಲೆ ಎಣಿಸುವಷ್ಟು ಸ್ಪಷ್ಟತೆ ಅವುಗಳಲ್ಲಿ ಇರುವುದಿಲ್ಲ.

ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವುದು ದಿಕ್ಕು. ಉಪಗ್ರಹ ಚಿತ್ರಗಳಲ್ಲಿ ಸೂರ್ಯನ ಉತ್ತರ ಮೇಲಕ್ಕೂ ಪೂರ್ವದ ಅಂಚು ಎಡಕ್ಕೂ ಇರುತ್ತದೆ, ಕಲೆಗಳು ಎಡದಿಂದ ಬಲಕ್ಕೆ ಸಾಗುತ್ತವೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಏರಿ ನೆಟ್ಟಗೆ ಇಳಿಯುವುದರಿಂದ, ಬೆಳಿಗ್ಗೆ ಕನ್ನಡಕದಲ್ಲಿ ನೋಡುವವನಿಗೆ ಪೂರ್ವದ ಅಂಚು ಬಿಂಬದ ಬುಡದಲ್ಲೂ ಉತ್ತರ ಎಡಗಡೆಗೂ ಇರುತ್ತದೆ. ಸಂಜೆ ಕಡಲ ಮೇಲೆ ನೋಡುವಾಗ ಪೂರ್ವದ ಅಂಚು ಬಿಂಬದ ನೆತ್ತಿಗೆ ಬಂದು ಉತ್ತರ ಬಲಕ್ಕೆ ಹೋಗಿರುತ್ತದೆ. ಅಂದರೆ ಉಪಗ್ರಹ ಚಿತ್ರವನ್ನು ಬೆಳಗಿನ ನೋಟಕ್ಕೆ ಹೊಂದಿಸಲು ಅಪ್ರದಕ್ಷಿಣವಾಗಿ, ಸಂಜೆಯ ನೋಟಕ್ಕೆ ಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಬೇಕು. ಏಪ್ರಿಲ್ ಕೊನೆಯಿಂದ ಆಗಸ್ಟ್ 12ರ ಆಸುಪಾಸಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನಾದ್ದರಿಂದ, ಆ ಅವಧಿಯಲ್ಲಿ ಉತ್ತರಕ್ಕೆ ಮುಖಮಾಡಿ ನೋಡಿದರೆ ಪೂರ್ವ ಬಲಗಡೆ ಇರುತ್ತದೆ. ಶೀತವಲಯದವರು ಬರೆದ ಮಾರ್ಗದರ್ಶಿಗಳಲ್ಲಿ ಈ ಸಂಗತಿಗಳು ಸಿಗುವುದಿಲ್ಲ. ದೂರದರ್ಶಕದ ಬಿಂಬ ತಲೆಕೆಳಗಾಗಿಯೋ ಎಡಬಲ ಅದಲುಬದಲಾಗಿಯೋ ಬರುವುದರಿಂದ ಅಲ್ಲಿ ಬೇರೆ ಉಪಾಯವಿದೆ: ಕೊಳವೆಯನ್ನು ಅಲುಗಾಡಿಸದೆ ಬಿಟ್ಟರೆ ಬಿಂಬ ತಾನಾಗಿ ಸರಿಯುತ್ತದೆ, ಮೊದಲು ಹೊರಬೀಳುವ ಅಂಚೇ ಪಶ್ಚಿಮ. ಇದರ ಮೇಲೆ ಸೂರ್ಯನ ಅಕ್ಷವೂ ವರ್ಷದುದ್ದಕ್ಕೂ ಎರಡು ಕಡೆಗೂ 26 ಡಿಗ್ರಿಯವರೆಗೆ ವಾಲಿದಂತೆ ಕಾಣುತ್ತದೆ. ಜನವರಿ ಮತ್ತು ಜುಲೈ ತಿಂಗಳ ಮೊದಲ ವಾರದಲ್ಲಿ ಮಾತ್ರ ಅದು ನೆಟ್ಟಗಿರುತ್ತದೆ. 2024ರ ಮೇ ತಿಂಗಳ ಬಿರುಗಾಳಿಗೆ ಕಾರಣವಾದ 13664ನೇ ಕಲೆಗುಂಪು ಗ್ರಹಣದ ಕನ್ನಡಕಕ್ಕೇ ಕಾಣುವಷ್ಟು ದೊಡ್ಡದಾಗಿತ್ತು, ಮತ್ತು ಮೇ 10ರ ಸಂಜೆ ನಮ್ಮ ಕಡಲತೀರದಿಂದ ನೋಡುವವರಿಗೆ ಬಿಂಬದ ಕೆಳ ಎಡಭಾಗದಲ್ಲಿರಬೇಕಾಗಿತ್ತು. ಇಂಥ ಹೊಂದಾಣಿಕೆಯನ್ನು ಒಮ್ಮೆ ಸ್ವತಃ ಮಾಡಿ ನೋಡಿದವರಿಗೆ ದಿಕ್ಕು ಮತ್ತೆ ಗೊಂದಲವಾಗುವುದಿಲ್ಲ.

ಎಣಿಕೆಗೆ 1848ರಲ್ಲಿ ರುಡಾಲ್ಫ್ ವುಲ್ಫ್ ಹಾಕಿಕೊಟ್ಟ ಕ್ರಮವೇ ಇಂದಿಗೂ ಆಧಾರ. ಕಲೆಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಬಿಡಿ ಕಲೆಗಳ ಸಂಖ್ಯೆಯನ್ನು ಕೂಡಬೇಕು. ಮೂರು ಗುಂಪುಗಳಲ್ಲಿ ಒಟ್ಟು ಹದಿನಾಲ್ಕು ಕಲೆಗಳಿದ್ದರೆ ಅಂದಿನ ಅಂಕೆ 44. ಒಂಟಿ ಕಲೆಯೂ ಒಂದು ಗುಂಪೆಂದೇ ಲೆಕ್ಕವಾಗುವುದರಿಂದ ಅದಕ್ಕೆ 11. ಬ್ರಸೆಲ್ಸ್‌ನಲ್ಲಿ ಲೆಕ್ಕಹಾಕಿ ಪ್ರಕಟಿಸುವ ಅಂತಾರಾಷ್ಟ್ರೀಯ ಅಂಕೆಯೊಂದಿಗೆ ನಿಮ್ಮದು ತಾಳೆಯಾಗದಿದ್ದರೆ ಬೇಸರಿಸಬೇಕಾಗಿಲ್ಲ, ಏಕೆಂದರೆ ಪ್ರತಿಯೊಬ್ಬ ವೀಕ್ಷಕನಿಗೂ ಪ್ರತಿಯೊಂದು ದೂರದರ್ಶಕಕ್ಕೂ ತನ್ನದೇ ಅನುಪಾತವಿರುತ್ತದೆ. ಕೆಲವು ತಿಂಗಳ ದಾಖಲೆಯಿಂದ ನಿಮ್ಮ ಅನುಪಾತ ಸಿಗುತ್ತದೆ.

ನೋಡಲು ಒಳ್ಳೆಯ ಹೊತ್ತು ಬೆಳಿಗ್ಗೆ ಸೂರ್ಯ ಸ್ವಲ್ಪ ಮೇಲೇರಿದ ಮೇಲೆ, ನೆಲ ಕಾಯುವ ಮೊದಲು. ಕಾರವಾರದಲ್ಲಿ ಬೆಟ್ಟಗಳು ಕಡಲವರೆಗೂ ಇಳಿದಿರುವುದರಿಂದ ಅನೇಕ ಕಡೆ ಸೂರ್ಯ ತಡವಾಗಿ ಕಾಣಿಸುತ್ತಾನೆ. ಘಟ್ಟದ ಮೇಲೆ ಚಳಿಗಾಲದ ಮಂಜು ಕರಗಲು ಕಾಯಬೇಕು. ಶಿರಸಿ ಕಡೆಯವರಿಗೆ ಅಡಿಕೆ ಒಣಗಿಸುವ ಅಂಗಳದಷ್ಟು ಅನುಕೂಲವಾದ ಜಾಗ ಬೇರೆ ಇಲ್ಲ. ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಅತ್ಯುತ್ತಮ.

ಕಣ್ಣಿನ ಕೆಲಸ ಮುಗಿದ ಮೇಲೆ ಅಂಕೆಗಳು. ಎಲ್ಲ ಪ್ರಕಟಣೆಗಳೂ ಜಾಗತಿಕ ಸಮಯದಲ್ಲಿರುತ್ತವೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. ಅಂದರೆ ಜಾಗತಿಕ ದಿನ ಆರಂಭವಾಗುವುದು ನಮ್ಮ ಬೆಳಗಿನ ಐದೂವರೆಗೆ. ಅಮೆರಿಕದ ಬಾಹ್ಯಾಕಾಶ ಹವಾಮಾನ ಮುನ್ಸೂಚನಾ ಕೇಂದ್ರದ ಮೂರು ದಿನಗಳ ಮುನ್ಸೂಚನೆ ನಮ್ಮ ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಹೊರಬರುತ್ತದೆ. ಅದರಲ್ಲಿ ನಮ್ಮ ಮಟ್ಟಿಗೆ ಮುಖ್ಯವಾದದ್ದು ಸೌರಜ್ವಾಲೆಗಳ, ಅಂದರೆ ಸೂರ್ಯನಲ್ಲಿ ಥಟ್ಟನೆ ಏಳುವ ಸ್ಫೋಟಗಳ ಸಂಭವ. ಜ್ವಾಲೆಗಳನ್ನು ಉಪಗ್ರಹಗಳು ಅಳೆಯುವ ಕ್ಷ-ಕಿರಣದ ತೀವ್ರತೆಗೆ ತಕ್ಕಂತೆ ಎ, ಬಿ, ಸಿ, ಎಂ, ಎಕ್ಸ್ ಎಂದು ವರ್ಗೀಕರಿಸುತ್ತಾರೆ. ಒಂದೊಂದು ಅಕ್ಷರವೂ ಹಿಂದಿನದರ ಹತ್ತು ಪಟ್ಟು. ಕಲೆಗುಂಪಿನ ವಿವರದಲ್ಲಿ ಬೀಟಾ-ಗಾಮಾ-ಡೆಲ್ಟಾ ಎಂದಿದ್ದರೆ, ವಿರುದ್ಧ ಕಾಂತಧ್ರುವಗಳು ಅಲ್ಲಿ ಹೆಣೆದುಕೊಂಡಿವೆ ಎಂದೂ ದೊಡ್ಡ ಜ್ವಾಲೆಯ ಸಂಭವ ಹೆಚ್ಚೆಂದೂ ತಿಳಿಯಬೇಕು.

ಜ್ವಾಲೆಯ ಪರಿಣಾಮ ಎಂಟು ನಿಮಿಷಗಳಲ್ಲಿ ನಮ್ಮನ್ನು ಮುಟ್ಟುತ್ತದೆ, ಮತ್ತು ಅದು ಹಗಲಿರುವ ಅರ್ಧಗೋಳಕ್ಕೆ ಮಾತ್ರ ಮುಟ್ಟುತ್ತದೆ. ಸೂರ್ಯ ನೆತ್ತಿಯ ಹತ್ತಿರವಿದ್ದಷ್ಟೂ ಅದು ಹೆಚ್ಚು. ಈ ವಿಷಯದಲ್ಲಿ ಉಷ್ಣವಲಯದವರಾದ ನಾವು ಧ್ರುವದ ಸಮೀಪದವರಿಗಿಂತ ಒಳ್ಳೆಯ ಜಾಗದಲ್ಲಿದ್ದೇವೆ. ಕಾರವಾರದಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ. ನವೆಂಬರ್ ಆರಂಭದಲ್ಲಿ ಸುಮಾರು 12 ಗಂಟೆ 17 ನಿಮಿಷಕ್ಕೆ, ಫೆಬ್ರವರಿ ಮಧ್ಯದಲ್ಲಿ ಸುಮಾರು 12 ಗಂಟೆ 48 ನಿಮಿಷಕ್ಕೆ. ಹನ್ನೊಂದರಿಂದ ಎರಡು ಗಂಟೆಯ ನಡುವೆ ಪ್ರಬಲ ಎಂ ಅಥವಾ ಎಕ್ಸ್ ವರ್ಗದ ಜ್ವಾಲೆ ಸಂಭವಿಸಿದರೆ ಶಾರ್ಟ್‌ವೇವ್ ರೇಡಿಯೋದಲ್ಲಿ ದೂರದ ಕೇಂದ್ರಗಳು ಕೆಲವೇ ನಿಮಿಷಗಳಲ್ಲಿ ಅಡಗಿಹೋಗುತ್ತವೆ, ಏಕೆಂದರೆ ಅಯಾನುಗೋಳದ (ವಾಯುಮಂಡಲದ ಮೇಲ್ಭಾಗದ ವಿದ್ಯುದಾವೇಶದ ವಲಯದ) ಕೆಳಪದರ ದಟ್ಟವಾಗಿ ಆ ಅಲೆಗಳನ್ನು ನುಂಗುತ್ತದೆ. ಕಡಿಮೆ ಆವರ್ತನದ ಕೇಂದ್ರಗಳು ಕೊನೆಗೆ ಮರಳುತ್ತವೆ. ಹ್ಯಾಮ್ ರೇಡಿಯೋ ಅಭ್ಯಾಸವಿರುವವರ ಜೊತೆ ಸೇರಿ ಇದನ್ನು ದಾಖಲಿಸುವುದು, ನನ್ನ ಅಭಿಪ್ರಾಯದಲ್ಲಿ, ಬಾಹ್ಯಾಕಾಶ ಹವಾಮಾನವನ್ನು ಈ ಜಿಲ್ಲೆಯಲ್ಲಿ ಕುಳಿತು ಅನುಭವಿಸುವ ಅತ್ಯಂತ ನೇರವಾದ ದಾರಿ. ಬೈತಖೋಲ ಬಂದರಿನ ಬೋಟುಗಳು ಬಳಸುವ ವಿಎಚ್‌ಎಫ್ ಸೆಟ್ಟುಗಳಿಗೆ ಈ ನುಂಗುವಿಕೆ ತಟ್ಟುವುದಿಲ್ಲ.

ಸೂರ್ಯನ ಹೊರಕವಚವಾದ ಕರೋನಾದಿಂದ ಚಿಮ್ಮುವ ದ್ರವ್ಯ ಮಾತ್ರ ನಿಧಾನವಾಗಿ, ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಬರುತ್ತದೆ. ಕರೋನಾವನ್ನು ಬರಿಗಣ್ಣಿಗೆ ತೋರಿಸುವುದು ಪೂರ್ಣ ಗ್ರಹಣವೊಂದೇ. 1980ರ ಫೆಬ್ರವರಿ 16ರ ಮಧ್ಯಾಹ್ನ ಪೂರ್ಣ ಗ್ರಹಣದ ನೆರಳು ಕಾರವಾರ–ಅಂಕೋಲೆಯ ಕರಾವಳಿಯಲ್ಲೇ ದಡ ಹತ್ತಿ ಹುಬ್ಬಳ್ಳಿಯತ್ತ ಸಾಗಿತ್ತು. ಸೂರ್ಯನ ಚಟುವಟಿಕೆ ಏರಿಳಿಯುವ ಸೌರಚಕ್ರ ಉತ್ತುಂಗದಲ್ಲಿದ್ದ ಕಾಲವಾದ್ದರಿಂದ ಕರೋನಾ ಅಂದು ಎಲ್ಲ ಕಡೆಗೂ ಹರಡಿಕೊಂಡಿತ್ತು. ಉಳಿದ ದಿನಗಳಲ್ಲಿ ಸೋಹೊ ನೌಕೆಯ ಚಿತ್ರಗಳನ್ನು ನೋಡಬೇಕು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ನಮ್ಮ ಆದಿತ್ಯ-ಎಲ್1 ಕೂಡ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಇದೇ ಕೆಲಸ ಮಾಡುತ್ತಿದೆ. ಚಿಮ್ಮಿದ ದ್ರವ್ಯ ಸೂರ್ಯನ ಸುತ್ತ ಉಂಗುರದಂತೆ ಕಂಡರೆ ಅದು ನಮ್ಮತ್ತ ಬರುತ್ತಿರಬಹುದು, ಇಲ್ಲವೇ ನೇರ ಹಿಂದಕ್ಕೆ ಹೋಗುತ್ತಿರಬಹುದು; ಜ್ವಾಲೆ ಈಚೆಯ ಮುಖದಲ್ಲಿ ಕಂಡಿತ್ತೇ ಎಂದು ನೋಡಿ ತೀರ್ಮಾನಿಸಬೇಕು.

ಅದು ತಲುಪಿದಾಗ ಸೌರ ಮಾರುತದ ವೇಗ ಎಂದಿನ ಸೆಕೆಂಡಿಗೆ 300ರಿಂದ 400 ಕಿಲೋಮೀಟರಿನಿಂದ ಥಟ್ಟನೆ ಏರುತ್ತದೆ. ಬಿರುಗಾಳಿ ಏಳುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಬಿಝಡ್ ಎಂಬ, ಸೌರ ಮಾರುತದ ಕಾಂತಕ್ಷೇತ್ರ ಉತ್ತರಕ್ಕೋ ದಕ್ಷಿಣಕ್ಕೋ ಎಂದು ತಿಳಿಸುವ ಅಂಕೆ: ಅದು ಗಂಟೆಗಟ್ಟಲೆ ಋಣಾತ್ಮಕವಾಗಿ, ಅಂದರೆ ದಕ್ಷಿಣಮುಖಿಯಾಗಿ ನಿಂತರೆ ಭೂಮಿಯ ಕಾಂತಕ್ಷೇತ್ರದ ಬಾಗಿಲು ತೆರೆದುಕೊಳ್ಳುತ್ತದೆ. ಕೆಪಿ ಸೂಚ್ಯಂಕ ಮೂರು ಗಂಟೆಗೊಮ್ಮೆಯ ಲೆಕ್ಕ. ಅದು 5ಕ್ಕೆ ಏರಿದರೆ ಬಿರುಗಾಳಿಯ ಜಿ1 ದರ್ಜೆ, 9ಕ್ಕೆ ಜಿ5. ನಮ್ಮಲ್ಲಿ ಅದು ಬೆಳಕಾಗಿ ಕಾಣದಿದ್ದರೂ ಕಾಂತಮಾಪಕಗಳಲ್ಲಿ ಖಂಡಿತ ಕಾಣುತ್ತದೆ. 1859ರ ಸೆಪ್ಟೆಂಬರಿನ ಮಹಾ ಬಿರುಗಾಳಿಯನ್ನು ಇದೇ ಪಶ್ಚಿಮ ಕರಾವಳಿಯ ಮುಂಬಯಿ ಕೊಲಾಬಾ ವೀಕ್ಷಣಾಲಯ ದಾಖಲಿಸಿತ್ತು. ಅಲ್ಲಿ ಕಾಂತಕ್ಷೇತ್ರ ಸುಮಾರು 1600 ನ್ಯಾನೊಟೆಸ್ಲಾ ಕುಸಿದದ್ದು ಇಂದಿಗೂ ವಿಜ್ಞಾನಿಗಳು ಎತ್ತಿಕೊಳ್ಳುವ ಅಂಕೆ.

ರಾತ್ರಿಯ ಮಟ್ಟಿಗೆ ನಮ್ಮ ಅಕ್ಷಾಂಶಕ್ಕೇ ವಿಶಿಷ್ಟವಾದ ಒಂದು ವಿದ್ಯಮಾನವಿದೆ. ಸೂರ್ಯಾಸ್ತದ ನಂತರ, ಹೆಚ್ಚಾಗಿ ಎಂಟರಿಂದ ನಡುರಾತ್ರಿಯವರೆಗೆ, ಸಮಭಾಜಕದ ಸುತ್ತಲಿನ ಅಯಾನುಗೋಳದಲ್ಲಿ ವಿರಳ ಪ್ಲಾಸ್ಮಾದ (ವಿದ್ಯುದಾವೇಶದ ಅನಿಲದ) ಗುಳ್ಳೆಗಳೆದ್ದು ಉಪಗ್ರಹ ಸಂಕೇತಗಳು ನಕ್ಷತ್ರಗಳಂತೆ ಮಿನುಗತೊಡಗುತ್ತವೆ, ಜಿಪಿಎಸ್ ಸ್ಥಾನ ಅಲುಗುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ, ವಿಷುವತ್ ತಿಂಗಳುಗಳಾದ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇದು ಹೆಚ್ಚು. ಕೆಪಿ ಏರಿದ ರಾತ್ರಿ ಇದು ಬಲಗೊಳ್ಳಬಹುದು, ಅಡಗಿಯೂ ಹೋಗಬಹುದು. ಬಿರುಗಾಳಿ ಯಾವ ಹೊತ್ತಿಗೆ ಆರಂಭವಾಯಿತು ಎಂಬುದರ ಮೇಲೆ ಅದು ನಿಂತಿದೆ. ಮೊಬೈಲನ್ನು ಅಂಗಳದಲ್ಲಿ ಕದಲದಂತೆ ಇಟ್ಟು, ಉಪಗ್ರಹಗಳ ಸಂಕೇತಬಲ ತೋರಿಸುವ ಆ್ಯಪ್‌ನಲ್ಲಿ ಅದರ ಏರಿಳಿತವನ್ನು ಗುರುತಿಸಬಹುದು.

ಇಷ್ಟಾದರೂ ಬಿರುಗಾಳಿಯ ದಿನ ಮೊಬೈಲಿಗೆ ಬಂದು ಬೀಳುವ ‘ಇಂದು ಕರ್ನಾಟಕದಲ್ಲೂ ಧ್ರುವಪ್ರಭೆ’ ಎಂಬ ಸಂದೇಶಗಳನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಕಡಲಂಚಿನ ಮೋಡಕ್ಕೆ ಬಡಿಯುವ ಬೋಟುಗಳ ದೀಪದ ಬೆಳಕು, ಸಂಧ್ಯೆಯ ಕೆಂಪು ಇವು ಬೇರೆ. ಘಟ್ಟದ ಕತ್ತಲಿನಲ್ಲಿ ದೀರ್ಘಾವಧಿಯ ಚಿತ್ರ ತೆಗೆದವರಿಗೆ ಸಿಗುವ ನಸುಹಸಿರು ಅಥವಾ ನಸುಗೆಂಪು ಪಟ್ಟೆಗಳು ವಾಯುಮಂಡಲದ ಸಹಜ ಹೊಳಪು. ಸೂರ್ಯ ಚುರುಕಾಗಿದ್ದಾಗ ಅದು ಹೆಚ್ಚುತ್ತದೆಯಾದರೂ ಧ್ರುವಪ್ರಭೆಯಲ್ಲ.

ನೋಟುಪುಸ್ತಕದ ಪ್ರತಿ ಪುಟದಲ್ಲಿ ದಿನಾಂಕ, ಹೊತ್ತು, ಬಿಂಬದ ಚಿತ್ರ, ನಿಮ್ಮ ಎಣಿಕೆ, ಆ ದಿನದ ದೊಡ್ಡ ಜ್ವಾಲೆ, ಕೆಪಿಯ ಗರಿಷ್ಠ ಇಷ್ಟಿದ್ದರೆ ಸಾಕು. ಭೂಮಿಯಿಂದ ಕಂಡಂತೆ ಸೂರ್ಯ 27 ದಿನಗಳಿಗೊಮ್ಮೆ ಸುತ್ತುವುದರಿಂದ, ಪಶ್ಚಿಮದ ಅಂಚಿನಲ್ಲಿ ಮರೆಯಾದ ದೊಡ್ಡ ಗುಂಪು ಎರಡು ವಾರಗಳ ನಂತರ ಪೂರ್ವದಲ್ಲಿ ಮತ್ತೆ ಕಾಣಿಸಬಹುದು. ಹಳೆಯ ಪುಟ ತಿರುವಿ ಅದನ್ನು ಗುರುತಿಸಿದಾಗ ಆಗುವ ಸಂತೋಷ ಬೇರೆ ಯಾರ ಅಂಕೆಯಿಂದಲೂ ಸಿಗುವುದಿಲ್ಲ. ಜೂನ್ ಮೊದಲ ವಾರದಿಂದ ಮಳೆ ಹಿಡಿದ ಮೇಲೆ ವಾರಗಟ್ಟಲೆ ಬಿಂಬ ಕಾಣದು. ಆಗ ಕೆನಡಾದ ಪೆಂಟಿಕ್ಟನ್‌ನಲ್ಲಿ ಅಳೆಯುವ, ಸೂರ್ಯನಿಂದ ಬರುವ 10.7 ಸೆಂಟಿಮೀಟರ್ ರೇಡಿಯೋ ಅಲೆಯ ಅಂಕೆಯನ್ನು ಬರೆದಿಡಬಹುದು. ಅಲ್ಲಿನ ನಡುಹಗಲ ಅಳತೆ ನಮ್ಮ ರಾತ್ರಿ ಒಂದೂವರೆಗೆ ಆಗುತ್ತದೆ, ಮೋಡ ಆ ಅಲೆಗೆ ಅಡ್ಡಿಯಲ್ಲ, ಸೂರ್ಯ ಶಾಂತನಾಗಿದ್ದಾಗ ಅದು 70ರ ಆಸುಪಾಸಿನಲ್ಲೂ ಚುರುಕಾಗಿದ್ದಾಗ 200ರ ಮೇಲೂ ಇರುತ್ತದೆ. ಮಳೆಗಾಲದ ತೇವಕ್ಕೆ ಮಸೂರಗಳಿಗೆ ಬೂಸಲು ಹಿಡಿಯದಂತೆ ಅವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿಯಾದ ಡಬ್ಬಿಯಲ್ಲಿಡಿ. ಎಣಿಕೆಯ ಜಾಗದಲ್ಲಿ ಆ ದಿನಗಳಿಗೆ ‘ಮೋಡ’ ಎಂದೇ ಬರೆಯಿರಿ. ಕಲೆಯಿಲ್ಲದ ಸೂರ್ಯನನ್ನು ಕಣ್ಣಾರೆ ಕಂಡ ದಿನ ಮಾತ್ರ ಸೊನ್ನೆ ಬರೆಯಬೇಕು.