ಸಂದಿಯಲ್ಲಿ ಬೈಕು ತೂರಿಸುವ ಮುನ್ನ

ಸಂಜೆ ಆರು ಗಂಟೆಯ ಹೊತ್ತಿಗೆ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಅಶೋಕ ವೃತ್ತದಿಂದ ಅಮೀರ್ ಅಹ್ಮದ್ ವೃತ್ತದ ಕಡೆಗೆ ಹೊರಟ ಸವಾರನಿಗೆ, ಸಾಲುಗಟ್ಟಿ ನಿಂತ ಬಸ್ಸು, ಕಾರು, ಆಟೊಗಳ ನಡುವೆ ಒಂದು ಸಂದಿ ಕಂಡೇ ಕಾಣುತ್ತದೆ. ಅದರೊಳಗೆ ಬೈಕು ತೂರಿಸುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ತೂರಿಸದೆ ಕಾರಿನ ಹಿಂದೆ ಸುಮ್ಮನೆ ನಿಂತವನಿಗೇ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಸಂದಿಯ ಅಗಲವನ್ನು ಎಲ್ಲರೂ ಕಣ್ಣಳತೆಯಲ್ಲೇ ಅಳೆಯುತ್ತಾರೆ. ಆ ಅಗಲ ಎಷ್ಟು ಹೊತ್ತು ಹಾಗೆಯೇ ಉಳಿದೀತು ಎಂದು ಲೆಕ್ಕ ಹಾಕುವವರು ಕಡಿಮೆ. ಇಲ್ಲಿ ಬರೆಯುತ್ತಿರುವುದು ಬಹುಪಾಲು ಆ ಎರಡನೆಯ ಲೆಕ್ಕದ ಬಗ್ಗೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಸಾಲುಗಳ ನಡುವೆ ನುಸುಳಲು ಅನುಮತಿ ಕೊಡುವ ಪ್ರತ್ಯೇಕ ನಿಯಮ ನಮ್ಮ ದೇಶದಲ್ಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯು, ನಿಯಮಕ್ಕೆ ವಿರುದ್ಧವಾಗಿ ಇನ್ನೊಂದು ವಾಹನವನ್ನು ಹಿಂದಿಕ್ಕುವುದನ್ನು 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಯೊಳಗೆ ಸೇರಿಸಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯವು 2014ರ ಜುಲೈನಿಂದ ಇದಕ್ಕೆ ಅವಕಾಶ ಕೊಟ್ಟಿತು, ಆದರೆ ಗಂಟೆಗೆ 30 ಕಿಲೋಮೀಟರ್ ಮೀರಬಾರದು, ಶಾಲಾ ವಲಯದಲ್ಲಿ ನುಸುಳಬಾರದು ಎಂಬ ಕಟ್ಟುಪಾಡಿನೊಂದಿಗೆ. ಕ್ಯಾಲಿಫೋರ್ನಿಯ 2016ರಲ್ಲಿ ಕಾನೂನು ಮಾಡಿತು. ಅದಕ್ಕೂ ಮುಂಚೆ ಅಲ್ಲಿನ ಬರ್ಕ್ಲಿ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನವೊಂದರಲ್ಲಿ, ಬೈಕಿನ ವೇಗ ಸುತ್ತಲಿನ ವಾಹನಗಳಿಗಿಂತ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್‌ಗಿಂತ ಹೆಚ್ಚಾದಾಗ ಗಾಯದ ಸಂಭವ ಏರುವುದು ಕಂಡುಬಂದಿತ್ತು. ಆ ಅಂಕಿ ಪಥಗಳ ಗೆರೆ ಸ್ಪಷ್ಟವಾಗಿರುವ, ನಡುವೆ ದನ ಮಲಗದ ರಸ್ತೆಗಳದ್ದು. ನಮ್ಮ ರಸ್ತೆಗೆ ಅದರ ಅರ್ಧವೂ ಹೆಚ್ಚೆಂದೇ ನನ್ನ ಅಭಿಪ್ರಾಯ: ಉಳಿದ ವಾಹನಗಳು ಪೂರ್ತಿ ನಿಂತಿರುವಾಗ ಮಾತ್ರ, ನಡೆಯುವವನಿಗಿಂತ ತುಸು ಜೋರಾಗಿ ಹೋಗಬಹುದು, ಅವು ಚಲಿಸತೊಡಗಿದ ಕೂಡಲೇ ಎಲ್ಲಿದ್ದೇವೋ ಅಲ್ಲೇ ಒಂದು ಸಾಲಿಗೆ ಸೇರಿಕೊಳ್ಳಬೇಕು.

ಏಕೆಂದರೆ ಗಂಟೆಗೆ 20 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಐದೂವರೆ ಮೀಟರ್. ಕಾರಿನ ಬಾಗಿಲು ತೆರೆಯುವುದನ್ನು ಕಂಡು, ಅದು ಅಪಾಯವೆಂದು ಮನಸ್ಸಿಗೆ ಹೊಳೆದು, ಬೆರಳು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ, ಬೈಕು ಒಂದು ಕಾರಿನ ಉದ್ದವನ್ನು ದಾಟಿರುತ್ತದೆ. ಹತ್ತು ಕಿಲೋಮೀಟರ್ ವೇಗದಲ್ಲಿ ಅದೇ ದೂರ ಮೂರು ಮೀಟರಿಗಿಂತ ಕಡಿಮೆ. ಸಂದಿಯಲ್ಲಿ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲವಾದ್ದರಿಂದ ನಮ್ಮ ಕೈಯಲ್ಲಿ ಉಳಿಯುವುದು ಬ್ರೇಕ್ ಒಂದೇ.

ಇನ್ನು ಅಗಲ. ಸಾಮಾನ್ಯ ಬೈಕಿನ ಹ್ಯಾಂಡಲ್ ಮುಕ್ಕಾಲು ಮೀಟರಿನ ಆಸುಪಾಸು. ಪಕ್ಕಪಕ್ಕದ ಎರಡು ಮೂರೂವರೆ ಮೀಟರಿನ ಪಥಗಳಲ್ಲಿ ಕಾರುಗಳು ನಟ್ಟನಡುವೆ ನಿಂತರೆ ಅವುಗಳ ನಡುವೆ ಸುಮಾರು 1.8 ಮೀಟರ್ ಸಿಗುತ್ತದೆ. ಒಂದು ಕಡೆ ಎರಡೂವರೆ ಮೀಟರ್ ಅಗಲದ ಬಸ್ಸು ಬಂದರೆ ಉಳಿಯುವುದು ಹೆಚ್ಚುಕಡಿಮೆ 1.4 ಮೀಟರ್, ಎರಡೂ ಕಡೆಯ ಕನ್ನಡಿಗಳನ್ನು ಕಳೆದರೆ ಬೈಕಿನ ಆಚೀಚೆ ಒಂದೊಂದು ಗೇಣು. ಅದೂ ಎಲ್ಲರೂ ಪಥದ ನಡುವೆ ನಿಂತರೆ! ದುರ್ಗಿಗುಡಿಯಲ್ಲೋ ಗಾಂಧಿ ಬಜಾರಿನಲ್ಲೋ ಒಂದು ಬದಿಗೆ ಪಾರ್ಕಿಂಗ್, ಇನ್ನೊಂದು ಬದಿಗೆ ತಳ್ಳುಗಾಡಿ ಇರುವಾಗ ಈ ಲೆಕ್ಕವೆಲ್ಲ ಕಾಗದದ್ದು. ಅಲ್ಲಿ ನುಸುಳದಿರುವುದೇ ಲೇಸು.

ಬೈಕಿನ ಅಗಲ ಎಂದರೆ ಹ್ಯಾಂಡಲಿನದಷ್ಟೇ ಅಲ್ಲ. ಹಿಂದೆ ಸೀರೆಯುಟ್ಟವರು ಒಂದೇ ಬದಿಗೆ ಕಾಲು ಹಾಕಿ ಕುಳಿತಿದ್ದರೆ ಎಡಗಡೆ ಅವರ ಮೊಣಕಾಲು ಹ್ಯಾಂಡಲನ್ನೂ ಮೀರಿ ಚಾಚಿಕೊಂಡಿರಬಹುದು. ಬೆಳಿಗ್ಗೆ ಹಾಲಿನ ಕ್ಯಾನುಗಳನ್ನು ಎರಡೂ ಬದಿಗೆ ತೂಗುಹಾಕಿಕೊಂಡು ಬರುವವರಿಗೆ ಇದು ತಿಳಿದಿರುತ್ತದೆ, ಅವರು ಸಾಮಾನ್ಯವಾಗಿ ಸಾಲಿನಲ್ಲೇ ನಿಲ್ಲುತ್ತಾರೆ. ಅಡಿಕೆ ಮೂಟೆ ಹೇರಿಕೊಂಡವರು ಮರೆಯುವುದುಂಟು.

ನಾನು ಕಲಿತದ್ದು ಪೆಟ್ಟು ತಿಂದೇ. ಕೆಲವು ವರ್ಷಗಳ ಹಿಂದೆ ಒಂದು ವೃತ್ತದ ಬಳಿ ನಿಂತಿದ್ದ ಬಸ್ಸಿನ ಎಡಗಡೆ, ಅದಕ್ಕೂ ಫುಟ್‌ಪಾತಿಗೂ ನಡುವೆ, ಹಿಂದಿನ ಚಕ್ರದ ತನಕ ಹೋಗಿದ್ದೆ. ಸಿಗ್ನಲ್ ಹಸಿರಾಯಿತು, ಬಸ್ಸು ಎಡಕ್ಕೆ ಹೊರಳಿತು. ಉದ್ದದ ವಾಹನ ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಬದಿಗೆ ಸರಿದುಬರುತ್ತದೆ. ಎದುರಿಗಿದ್ದ ತಗಡಿನ ಗೋಡೆ ನಿಧಾನವಾಗಿ, ಯಾವ ಆತುರವೂ ಇಲ್ಲದೆ ನನ್ನ ಕಡೆಗೆ ಬಂತು; ಕನ್ನಡಿ ಮುರಿಯಿತು, ಫುಟ್‌ಪಾತಿನ ಅಂಚಿಗೆ ಎಡಗಾಲು ಊರಿ ಬೈಕನ್ನು ವಾಲಿಸಿದ್ದರಿಂದ ಮೊಣಕಾಲು ಉಳಿಯಿತು. ಚಾಲಕನಿಗೆ ನಾನು ಅಲ್ಲಿದ್ದದ್ದು ಗೊತ್ತೇ ಇರಲಿಲ್ಲ, ತಪ್ಪು ಪೂರ್ತಿ ನನ್ನದೇ. ಅಂದಿನಿಂದ ಎರಡು ಸಂಗತಿಗಳನ್ನು ಬಿಟ್ಟಿಲ್ಲ: ಬಸ್ಸು, ಲಾರಿಗಳ ಎಡಗಡೆಗೆ ಹೋಗುವುದಿಲ್ಲ, ಬಸ್ಸಿನ ಕನ್ನಡಿಯಲ್ಲಿ ಚಾಲಕನ ಮುಖ ನನಗೆ ಕಾಣದಿದ್ದರೆ ಅವನಿಗೂ ನಾನು ಕಾಣುತ್ತಿಲ್ಲ ಎಂದೇ ತಿಳಿಯುತ್ತೇನೆ.

ನುಸುಳುವಾಗ ಏನನ್ನು ನೋಡಬೇಕು ಎಂಬುದು ಇಡೀ ವಿದ್ಯೆಯ ತಿರುಳು. ಇಂಡಿಕೇಟರನ್ನು ನಂಬಬೇಡಿ, ಕಾರಿನ ಮುಂದಿನ ಚಕ್ರವನ್ನು ನೋಡಿ. ಚಕ್ರ ಹೊರಳದೆ ಕಾರು ಹೊರಳದು. ಬಾಡಿಗೆ ಕಾರು, ಆಟೊ ನಿಂತಿದ್ದರೆ ಒಳಗಿರುವವರು ಚೀಲ ಎತ್ತಿಕೊಳ್ಳುತ್ತಿದ್ದಾರೆಯೇ, ಚಾಲಕನಿಗೆ ಚಿಲ್ಲರೆ ಎಣಿಸುತ್ತಿದ್ದಾರೆಯೇ ನೋಡಿ, ಬಾಗಿಲಿನ ಕಡೆಗೆ ಕಾಲು ಬರುವ ಸೂಚನೆ ಅದು. ಒಂದು ಸಾಲು ಚಲಿಸುತ್ತಿದ್ದು ಪಕ್ಕದ್ದು ನಿಂತಿದ್ದರೆ ನಿಂತ ಸಾಲಿನವರು ಚಲಿಸುವ ಕಡೆಗೆ ನುಗ್ಗುವುದು ಖಚಿತ, ನೀವಿರುವುದು ಅವೆರಡರ ನಡುವೆ. ಸಾಲಿನಲ್ಲಿ ಎಲ್ಲೋ ಒಂದು ಕಡೆ ಕಾರಿನ ಮುಂದೆ ವಿನಾಕಾರಣ ಜಾಗ ಖಾಲಿ ಬಿಟ್ಟಿದ್ದರೆ, ಚಾಲಕ ಯಾರಿಗೋ ರಸ್ತೆ ದಾಟಲು ಬಿಟ್ಟಿದ್ದಾನೆ ಎಂದು ಅರ್ಥ. ಬಸ್ ನಿಲ್ದಾಣದ ಎದುರು ನಿಂತ ಬಸ್ಸಿನ ಮೂತಿಯ ಮುಂದಿನಿಂದ ಶಾಲೆಯ ಮಕ್ಕಳು ಹಠಾತ್ತನೆ ಹೊರಬರುವುದೂ ಹೀಗೆಯೇ. ಅಲ್ಲಿ ಒಂದು ಕಾಲು ನೆಲಕ್ಕಿಟ್ಟು ಇಣುಕಿ ನೋಡಿ ಮುಂದೆ ಹೋಗಬೇಕು.

ಕೈಕಾಲಿನ ಕೆಲಸ ಬೇರೆಯೇ. ಒಂದನೇ ಅಥವಾ ಎರಡನೇ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಲಘುವಾಗಿ ಒತ್ತಿಟ್ಟುಕೊಂಡರೆ ಬೈಕು ಓಲಾಡದೆ ಇರುವೆಯ ಹಾಗೆ ಸಾಗುತ್ತದೆ. ನೇರವಾಗಿ ಹೋಗುವಾಗ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನದ್ದು, ಆದ್ದರಿಂದ ಎರಡು ಬೆರಳು ಅದರ ಮೇಲೆಯೇ ಇರಲಿ. ಆದರೆ ಹ್ಯಾಂಡಲ್ ತಿರುಗಿರುವಾಗ ಅದನ್ನು ಗಟ್ಟಿಯಾಗಿ ಹಿಡಿದರೆ ಬೈಕು ಇದ್ದಲ್ಲೇ ಮಗುಚುತ್ತದೆ. ದೃಷ್ಟಿ ಸಂದಿಯ ಆ ತುದಿಯ ಮೇಲಿರಲಿ. ಪಕ್ಕದ ಕಾರಿನ ಕನ್ನಡಿಯನ್ನೇ ನೋಡಿದವನು ಅದಕ್ಕೇ ಹೋಗಿ ತಾಗಿಸುತ್ತಾನೆ. ಹೆಲ್ಮೆಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಭಾರತೀಯ ಮಾನಕದ ಐಎಸ್ 4151 ಗುರುತಿರಲಿ, ಹಿಂದೆ ಕುಳಿತವರಿಗೂ ಇರಲಿ, ಗಲ್ಲದ ಪಟ್ಟಿ ಬಿಗಿದಿರಲಿ.

ಮಳೆಗಾಲದಲ್ಲಿ ಈ ಎಲ್ಲ ಲೆಕ್ಕವೂ ಬದಲಾಗುತ್ತದೆ, ನಮ್ಮ ಮಲೆನಾಡಿನಲ್ಲಿ ಮಳೆಗಾಲವೆಂದರೆ ವರ್ಷದ ಸಣ್ಣ ಭಾಗವೇನಲ್ಲ. ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಕಲಸಿ ಜಿಡ್ಡಾಗುತ್ತದೆ. ಪಥಗಳ ನಡುವಿನ ಬಿಳಿ ಗೆರೆ, ಜೀಬ್ರಾ ಪಟ್ಟಿ, ಚರಂಡಿಯ ಕಬ್ಬಿಣದ ಮುಚ್ಚಳ ಇವೆಲ್ಲ ಒದ್ದೆಯಾದಾಗ ಡಾಂಬರಿಗಿಂತ ಹೆಚ್ಚು ಜಾರುತ್ತವೆ, ಮತ್ತು ನುಸುಳುವವನ ಚಕ್ರ ಉರುಳುವುದು ನೆಟ್ಟಗೆ ಆ ಬಿಳಿ ಗೆರೆಯ ಮೇಲೆಯೇ. ಕಾರಿನವರ ಗಾಜು ಮಂಜಾಗಿರುತ್ತದೆ, ಕನ್ನಡಿಯಲ್ಲಿ ಹನಿಗಳು ನಿಂತಿರುತ್ತವೆ, ಅವರಿಗೆ ನಿಮ್ಮ ದೀಪ ಕೂಡ ಒಂದು ಮಸುಕು ಬೆಳಕಷ್ಟೇ. ಸಡಿಲವಾದ ರೇನ್‌ಕೋಟಿನ ಅಂಚು ಪಕ್ಕದ ಆಟೊದ ಕೊಂಡಿಗೆ ಸಿಕ್ಕಿಕೊಳ್ಳಬಹುದು. ಹಿಂದೆ ಕುಳಿತವರು ಕೊಡೆ ಬಿಚ್ಚಿ ಹಿಡಿಯುವುದಂತೂ ನಮ್ಮ ಕಡೆಯ ವಿಶೇಷ. ಗಾಳಿ ಬೀಸಿದಾಗ ಕೊಡೆ ಬೈಕನ್ನು ಎಳೆಯುತ್ತದೆ, ಅದರ ಕಡ್ಡಿ ಪಕ್ಕದ ಸವಾರನ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಮಳೆ ಬಿದ್ದಾಗ ಸಾಲಿನಲ್ಲೇ ನಿಲ್ಲಿ.

ಘಾಟಿಯಲ್ಲಿ ನುಸುಳುವ ಮಾತೇ ಬೇಡ. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಮಿನಿ ಬಸ್ಸು ಕೂಡ ತಿರುಗಲು ರಸ್ತೆಯ ಪೂರ್ತಿ ಅಗಲವನ್ನು ಬಳಸುತ್ತದೆ, ಹುಲಿಕಲ್‌ನಲ್ಲಿಯೂ ಹಾಗೆಯೇ. ಭಾನುವಾರದ ಪ್ರವಾಸಿ ಕಾರುಗಳು ಸಾಲುಗಟ್ಟಿ ನಿಂತಾಗ ಬಲಗಡೆಯ ಖಾಲಿ ಪಥ ನಮ್ಮನ್ನು ಕರೆಯುತ್ತದೆ. ಅದು ಖಾಲಿಯಿರುವುದು ಎದುರಿನಿಂದ ಬರುವವರಿಗಾಗಿ, ಮತ್ತು ಮಂಜಿನಲ್ಲಿ ಅವರು ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಅಂಥಲ್ಲಿ ಮುಂದಿನ ವಾಹನಕ್ಕೆ ಒಂದು ಬೈಕಿನ ಉದ್ದಕ್ಕಿಂತ ಹೆಚ್ಚು ಅಂತರ ಬಿಟ್ಟು, ಏರಿನಲ್ಲಿ ಅದು ಹಿಂದಕ್ಕೆ ಜಾರಿದರೂ ತಾಗದ ಹಾಗೆ, ಬೈಕನ್ನು ಗೇರಿನಲ್ಲಿಟ್ಟು ಹಿಂದಿನ ಬ್ರೇಕ್ ಒತ್ತಿಕೊಂಡು ನಿಂತಿರಿ.