ಏಳು ಅಂಕದ ಹಾಳೆ ಬಿಟ್ಟು ಮೂರು ಸ್ವೀಟ್ ಡಬ್ಬಿ ಹಿಡಿದೆ

ಕಿವುಡ ವಯಸ್ಕರಿಗೆ ಸಂಜೆ ಹೊತ್ತು ಕನ್ನಡ ಓದಿಸ್ತೀನಿ. ಯಾವ ಪದ ಯಾರಿಗೆ ಎಷ್ಟು ಪರಿಚಯ ಅಂತ ಮೊದಲು ತಿಳೀಬೇಕಿತ್ತು. ಎಲ್ಲರಂತೆ ನಾನೂ ಒಂದರಿಂದ ಏಳರ ಹಾಳೆ ಹಂಚಿದೆ: ಪದ ಗೊತ್ತೇ ಇಲ್ಲದಿದ್ದರೆ ಒಂದು, ಚೆನ್ನಾಗಿ ಗೊತ್ತಿದ್ದರೆ ಏಳು. 300 ಪದ. ಜೆರಾಕ್ಸಿಗೆ 800 ಚಿಲ್ಲರೆ, ಸನ್ನೆ ಭಾಷೆಯ ಇಂಟರ್‌ಪ್ರಿಟರ್‌ಗೆ ಎರಡು ಸಂಜೆಗೆ ಮೂರು ಸಾವಿರದ ಹತ್ತಿರ. ಬಂದದ್ದೇನು? ಸಾಲಾಗಿ ಏಳು, ಏಳು, ಏಳು. ನಿಜ ಹೇಳ್ತಾರಾ ನೋಡೋಣ ಅಂತ ನಾನೇ ಹೊಸೆದು ಸೇರಿಸಿದ್ದ ಸುಳ್ಳು ಪದ ‘ತೊರವಳಿಕೆ’ಗೂ ಏಳು! ಹೋಲಿಕೆಗೆ ಕೂರಿಸಿದ್ದ ಕಿವಿ ಕೇಳುವವರೂ ಕಮ್ಮಿಯಿಲ್ಲ. ಒಬ್ಬರು ಅದು ಹಳಗನ್ನಡ ಅಂದುಬಿಟ್ಟರು. ‘ಇದು ಆಗೋ ಕೆಲಸ ಅಲ್ಲ ಬಿಡಿ ಸಾರ್’ ಅಂತ ಜೊತೆಯ ಮೇಷ್ಟ್ರು ನಕ್ಕರು. ಖರ್ಚು ನನ್ನ ಜೇಬಿನದು.

ಅಂಕಿ ಕೈಬಿಟ್ಟೆ. ಪದಗಳನ್ನು ಚೀಟಿ ಮಾಡಿ ಮೂರು ಸ್ವೀಟ್ ಡಬ್ಬಿ ಇಟ್ಟೆ: ಗೊತ್ತು, ಎಲ್ಲೋ ನೋಡಿದೀನಿ, ಗೊತ್ತಿಲ್ಲ. ‘ಗೊತ್ತು’ ಡಬ್ಬಿಗೆ ಹಾಕಬೇಕಾದರೆ ಕಿವುಡರು ಅರ್ಥವನ್ನು ಸನ್ನೆಯಲ್ಲಿ ತೋರಿಸಬೇಕು, ಕೇಳುವವರು ಬಾಯಲ್ಲಿ ಹೇಳಬೇಕು. ಅರ್ಥ ಬಿಟ್ಟು ಅಂಗೈ ಮೇಲೆ ಬರೀ ಅಕ್ಷರ ಗೀಚಿ ತೋರಿಸಿದರೆ ಚೀಟಿ ಎರಡನೇ ಡಬ್ಬಿಗೆ.

ಈಗ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ‘ಫಲಾನುಭವಿ’, ‘ದೃಢೀಕರಣ’ದಂಥ ಚೀಟಿಗಳನ್ನು ಕಿವುಡರು ಥಟ್ಟನೆ ಮೊದಲ ಡಬ್ಬಿಗೆ ಹಾಕಿದರು. ಪಿಂಚಣಿ, ಬಸ್ ಪಾಸು, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡು ಅಂತ ಕಚೇರಿ ಅಲೆದವರಲ್ಲವೇ! ಕೇಳುವ ಹುಡುಗರೇ ಇಬ್ಬರು ‘ಫಲಾನುಭವಿ’ ಅಂದರೆ ಹಣ್ಣಿನ ವ್ಯಾಪಾರಿ ಅಂದರು. ಆದರೆ ‘ಗೊಣಗು’, ‘ಸಸಾರ’, ‘ಬಿಗುಮಾನ’ ಬಂದಾಗ ಕಿವುಡರ ಕೈ ನಿಂತುಹೋಗುತ್ತಿತ್ತು. ಇವನ್ನು ಯಾವ ಮೇಷ್ಟ್ರೂ ಕಲಿಸಲ್ಲ, ಅಡುಗೆಮನೆ ಮಾತು ಕಿವಿಗೆ ಬಿದ್ದೇ ಬರಬೇಕು.

ನಡುವೆ ಒಂದು ಚೇಷ್ಟೆ ಮಾಡಿದೆ. ‘ಅಲ್ಲಿ’ ಗೊತ್ತು, ‘ಒಬ್ಬ’ ಗೊತ್ತು. ‘ಅಲ್ಲೊಬ್ಬ’ ಕೊಟ್ಟೆ, ಮುಕ್ಕಾಲು ಪಾಲು ಕಿವುಡರು ಮೂರನೇ ಡಬ್ಬಿಗೆ ಹಾಕಿದರು. ಅದು ಎರಡು ಪದ ಅನ್ನೋದೇ ಕೇಳುವವರಿಗೆ ಹೊಳೆದಿರಲಿಲ್ಲ. ಆವತ್ತಿನಿಂದ ನನ್ನ ಪಾಠದಲ್ಲಿ ಸಂಧಿ ಬಿಡಿಸಿಯೇ ಬರೀತೀನಿ.

ಭಾರತೀಯ ಸನ್ನೆ ಭಾಷೆಯ (ಐಎಸ್‌ಎಲ್) ನಿಘಂಟಲ್ಲಿ 2021ಕ್ಕೇ 10,000 ಪದ ಆಗಿದೆಯಲ್ಲ, ಮತ್ಯಾಕೆ ಈ ಒದ್ದಾಟ ಅಂತಾರೆ ಕೆಲವರು. ಸನ್ನೆ ಗೊತ್ತಿದ್ದ ಮಾತ್ರಕ್ಕೆ ಕನ್ನಡದ ಪದ ಗೊತ್ತಿರಬೇಕಿಲ್ಲ. ನಮ್ಮ ಟೈಲರ್ ಒಬ್ಬರು ‘ಮುನಿಸು’ ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ‘ಗೊತ್ತಿಲ್ಲ’ ಡಬ್ಬಿಗೆ ಹಾಕಿದರು. ನಾನು ಮುಖ ಊದಿಸಿ, ಆ ಕಡೆ ತಿರುಗಿ ಕೂತೆ. ಬಿದ್ದುಬಿದ್ದು ನಕ್ಕರು. ಮನೆಯಾಕೆ ದಿನಾ ಹೀಗೇ ಕೂರೋದು, ಇದಕ್ಕೊಂದು ಹೆಸರು ಬೇರೆ ಇದೆಯಾ ಅಂತ ಕೈಯಲ್ಲೇ ಕೇಳಿ, ಚೀಟಿ ಎತ್ತಿ ಜೇಬಿಗಿಟ್ಟುಕೊಂಡರು.